ಅಣ್ಣನ ಪಾಲಿನ ಕೆನ್ನೆ

ಕಾಯಿಲೆ ಬಿದ್ದವರನ್ನು ನೋಡಲು ಬರುವವರು ಚಪ್ಪಲಿಯನ್ನು ಬಾಗಿಲಾಚೆ ಬಿಡುತ್ತಾರೆ, ನಾಲಿಗೆಯನ್ನು ಮಾತ್ರ ಒಳಗೆ ತರುತ್ತಾರೆ. ಅದನ್ನೂ ಹೊರಗೇ ಬಿಟ್ಟು ಬನ್ನಿ ಎಂದು ಹೇಳುವವರು ಯಾರೂ ಇಲ್ಲ. ಕಿಡಿಯಣ್ಣನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ಅವನ ಮನೆಗೆ ಬಂದವರೆಲ್ಲ, ಒಬ್ಬರಿಗೊಬ್ಬರು ಹೇಳಿಕೊಟ್ಟ ಹಾಗೆ, ಒಂದೇ ಮಾತು ಆಡಿದರು. ಏನೂ ಆಗಿಲ್ಲ, ಬರುವ ತಿಂಗಳು ನೀನೇ ನಮಗೆ ಶೇವಿಂಗ್ ಮಾಡುತ್ತೀಯ. ಬರುವ ತಿಂಗಳು ಬಂತು, ಹೋಯಿತು. ಅದರ ಮುಂದಿನದೂ ಹೋಯಿತು. ಮಾತು ಮಾತ್ರ ಸವೆಯಲಿಲ್ಲ. ಏನೂ ಆಗಿಲ್ಲ ಅಂದರೆ ತೊಡೆಯ ಮೇಲೆ ಸತ್ತ ಇಲಿಯ ಹಾಗೆ ಬಿದ್ದಿರುವ ಇದೇನು ಎಂದು ಅವನು ಕೇಳಿದರೆ, ಬಂದವರು ಹೆಂಡತಿಯ ಮುಖ ನೋಡಿ, ಪಾಪ, ಬೇಜಾರಿನಲ್ಲಿದ್ದಾನೆ ಎಂದು ಎದ್ದು ಹೋಗುತ್ತಿದ್ದರು.

ಬೇಜಾರಲ್ಲ, ಸಿಟ್ಟು. ಆ ಎರಡಕ್ಕೂ ವ್ಯತ್ಯಾಸ ಗೊತ್ತಿಲ್ಲದವರು ಕ್ಷೌರದ ಅಂಗಡಿಗೆ ಎಷ್ಟು ವರ್ಷ ಬಂದು ಏನು ಪ್ರಯೋಜನ?

ಕಿಡಿ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಗಿರಾಕಿಗಳು ಇಟ್ಟದ್ದು. ಮೂಗಿನ ತುದಿಯಲ್ಲೇ ಕೋಪ. ತಲೆ ಅಲ್ಲಾಡಿಸಿದರೆ ಬೈಯುತ್ತಿದ್ದ, ಮನೆಯಲ್ಲಿ ತಾವೇ ಅರ್ಧಂಬರ್ಧ ಗಡ್ಡ ಕೆರೆದುಕೊಂಡು ಬಂದರೆ ಬೈಯುತ್ತಿದ್ದ, ಕುರ್ಚಿಯಲ್ಲಿ ಕೂತು ಫೋನು ನೋಡಿದರಂತೂ ಕತ್ತಿ ಮಡಚಿಟ್ಟು ಬಾಗಿಲು ತೋರಿಸುತ್ತಿದ್ದ. ಆದರೂ ಜನ ಕಾದು ಕೂತು ಅವನ ಕುರ್ಚಿಗೇ ಬರುತ್ತಿದ್ದರು. ಬಾಯಿ ಬೆಂಕಿಯಾದರೂ ಕೈ ಬೆಣ್ಣೆ. ಆ ಕೈಯ ಕೆಳಗೆ, ಬೈಸಿಕೊಳ್ಳುತ್ತಲೇ ಗೊರಕೆ ಹೊಡೆದವರು ಇದ್ದಾರೆ.

ಅಂಗಡಿಯಲ್ಲಿ ಎರಡು ಕುರ್ಚಿ. ಕಿಟಕಿಯ ಪಕ್ಕದ್ದು ಅವನದು, ಒಳಗೆ ಟ್ಯೂಬ್‌ಲೈಟಿನ ಕೆಳಗಿನದು ತಮ್ಮನದು. ಬಿಸಿಲಿನಲ್ಲಿ ಒಂದು ಕೂದಲು ಉಳಿದರೂ ಕಾಣುತ್ತದೆ, ಟ್ಯೂಬ್‌ಲೈಟು ಕಳ್ಳ, ಎಲ್ಲವನ್ನೂ ಮುಚ್ಚಿಕೊಳ್ಳುತ್ತದೆ ಎಂದು ಅವನು ಹೇಳುತ್ತಿದ್ದ. ತಮ್ಮನಿಗೆ ಕೆಲಸ ಕಲಿಸಿದವನೂ ಅವನೇ. ಬಲೂನು ಊದಿ, ಅದಕ್ಕೆ ಸೋಪಿನ ನೊರೆ ಬಳಿದು, ಕತ್ತಿಯಿಂದ ನೊರೆಯನ್ನು ಹೆರೆಸುತ್ತಿದ್ದ. ಬಲೂನು ಒಡೆದರೆ ಏಟು. ಏಟು ಯಾವ ಕೈಗೆ? ಕತ್ತಿ ಹಿಡಿದ ಬಲಗೈಗಲ್ಲ, ಬಲೂನನ್ನು ಹಿಡಿದ ಎಡಗೈಗೆ. "ಕತ್ತಿ ಹಿಡಿಯೋದು ಯಾವ ಕತ್ತೆಗೂ ಬರುತ್ತೆ ಕಣೋ. ಚರ್ಮ ಎಳೆದು ಹಿಡಿಯೋದು ಕಲಿ. ಎಳೆದು ಹಿಡಿಯೋ ಕೈ ಸರಿ ಇದ್ದರೆ ಕತ್ತಿ ತಾನಾಗೇ ಹೋಗುತ್ತೆ" ಎಂದು ಅವನು ಹೇಳದ ದಿನವಿಲ್ಲ. ತಮ್ಮ ತುಟಿ ಪಿಟಕ್ಕೆನ್ನದೆ ಕಲಿತ. ತಲೆಯಲ್ಲಿ ಬಿಳಿ ಕೂದಲು ಬಂದ ಮೇಲೂ ಅಣ್ಣನ ಎದುರು ಅವನು ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಲಕ್ವ ಹೊಡೆದದ್ದು ಅಂಗಡಿಯಲ್ಲೇ. ಕುರ್ಚಿಯಲ್ಲಿ ನಿವೃತ್ತ ಮೇಷ್ಟ್ರು ಕೂತಿದ್ದರು. ಒಂದು ಕೆನ್ನೆ ಮುಗಿದು ಇನ್ನೊಂದರ ಮೇಲೆ ನೊರೆ ಇತ್ತು. ಕಿಡಿಯಣ್ಣನ ಬಲಗೈಯಿಂದ ಕತ್ತಿ ಜಾರಿ ನೆಲಕ್ಕೆ ಬಿತ್ತು. ಹಿಡಿಯ ಮೇಲೆ ತಮ್ಮ ಸೋಪು ಮೆತ್ತಿ ಇಟ್ಟಿದ್ದಾನೆ ಅಂದುಕೊಂಡು ಬೈಯಲು ತಿರುಗಿದ. ಬಾಯಿ ಒಂದು ಕಡೆಗೆ ಎಳೆದುಕೊಂಡಿತು, ಬಲಗಾಲು ಮಡಚಿಕೊಂಡಿತು. ತಮ್ಮ ಅವನನ್ನು ಎತ್ತಿ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದ. ಜೀವ ಉಳಿಯಿತು, ಕಾಲು ಎಳೆದುಕೊಂಡಾದರೂ ನಡೆಯುವಷ್ಟು ಬಂತು, ಕೈ ಬರಲಿಲ್ಲ. ಮಾತು ಕೆಲವು ದಿನ ತೊದಲಿ ಸರಿಹೋಯಿತು. ಅದು ಇನ್ನೂ ಸ್ವಲ್ಪ ದಿನ ತೊದಲಿದ್ದರೆ ಮನೆಯವರಿಗೆ ವಿಶ್ರಾಂತಿ ಸಿಗುತ್ತಿತ್ತು.

ಮಾತು ಬಂದ ಮೇಲೆ ಅವನು ಮೊದಲು ಕೇಳಿದ್ದು ಮೇಷ್ಟ್ರ ಇನ್ನೊಂದು ಕೆನ್ನೆ ಏನಾಯಿತು ಎಂದು. ಸಂಜೆ ಅವರನ್ನು ಕರೆಸಿ ತಾನೇ ಮುಗಿಸಿದೆ ಎಂದು ತಮ್ಮ ಹೇಳಿದ. ಪಾಪ, ಒಳ್ಳೆಯ ಕೆಲಸ ಮಾಡಿದೆನೆಂದೇ ಹೇಳಿದ. ಕಿಡಿಯಣ್ಣ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. ನನ್ನ ಗಿರಾಕಿ, ನನ್ನ ಕುರ್ಚಿ, ನಾನು ಅರ್ಧ ಮಾಡಿದ ಕೆಲಸ, ಅದಕ್ಕೆ ಇವನು ಕೈ ಹಾಕಿದನಲ್ಲ! ಅಣ್ಣ ಸತ್ತ ಅಂತಲೇ ತೀರ್ಮಾನ ಮಾಡಿಬಿಟ್ಟನೋ? ಹೆಂಡತಿ ಎಷ್ಟು ಹೇಳಿದರೂ ಅವನು ಆ ಕೆನ್ನೆಯನ್ನು ಮರೆಯಲಿಲ್ಲ. ಅರ್ಧ ಗಡ್ಡದಲ್ಲಿ ಮೇಷ್ಟ್ರು ತಿಂಗಳುಗಟ್ಟಲೆ ಊರಲ್ಲಿ ತಿರುಗಬೇಕಿತ್ತು ಎಂಬುದು ಅವನ ನ್ಯಾಯ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಮೊದಮೊದಲು ಮೆತ್ತಗೆ ಜೋತಾಡುತ್ತಿದ್ದ ಕೈ ಆಮೇಲೆ ಬಿಗಿಯತೊಡಗಿತು. ಮೊಣಕೈ ಮಡಚಿಕೊಂಡಿತು, ಬೆರಳುಗಳು ಒಳಕ್ಕೆ ಸುತ್ತಿಕೊಂಡು ಮುಷ್ಟಿಯಾದವು. ಉಗುರು ಅಂಗೈಗೆ ಚುಚ್ಚಿ ಹುಣ್ಣಾಗದಂತೆ ಹೆಂಡತಿ ಅದರೊಳಗೆ ಬಟ್ಟೆಯ ಸುರುಳಿ ತುರುಕುತ್ತಿದ್ದಳು. ಅವಳು ಗಾರ್ಮೆಂಟ್ಸಿನಲ್ಲಿ ಶರ್ಟಿನ ಕಾಲರು ಪರೀಕ್ಷಿಸುವ ಕೆಲಸದವಳು. ಬೆಳಗಿನ ಪಾಳಿಯಿಂದ ಮಧ್ಯಾಹ್ನದ್ದಕ್ಕೆ ಬದಲಾಯಿಸಿಕೊಂಡು ಅವನನ್ನು ಥೆರಪಿಗೆ ಕರೆದುಕೊಂಡು ಹೋಗತೊಡಗಿದಳು. ಅದಕ್ಕಾಗಿ ಮೇಲ್ವಿಚಾರಕನ ಹತ್ತಿರ ಎಷ್ಟು ಬೈಸಿಕೊಂಡಳೆಂದು ಗಂಡನಿಗೆ ಹೇಳಲಿಲ್ಲ. ಹೇಳಿದ್ದರೆ ಮೇಲ್ವಿಚಾರಕನ ಗತಿ ನೆಟ್ಟಗಿರುತ್ತಿರಲಿಲ್ಲ.

ಥೆರಪಿಯ ಕೋಣೆ ಆಸ್ಪತ್ರೆಯ ಹಿಂದುಗಡೆ, ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿತ್ತು. ಹಿಡಿದು ನಡೆಯಲು ಜೋಡಿ ಕಂಬಿ, ರಾಟೆಗೆ ಕಟ್ಟಿದ ಹಗ್ಗ, ತೂತಿಗೆ ಸೇರಿಸುವ ಮರದ ಗೂಟಗಳು. ಅಲ್ಲಿಯ ಆಯಾ, ದೊಡ್ಡವರು ಚಿಕ್ಕವರು ಎನ್ನದೆ ಎಲ್ಲರನ್ನೂ ಮರಿ, ಚಿನ್ನ ಎನ್ನುತ್ತಿದ್ದಳು. ಗೂಟ ತೂತಿಗೆ ಹೋದರೆ ಚಪ್ಪಾಳೆ ತಟ್ಟುತ್ತಿದ್ದಳು. ಎಷ್ಟೋ ಗಂಟಲುಗಳ ಮೇಲೆ ಕತ್ತಿ ಆಡಿಸಿದವನಿಗೆ, ಗೂಟ ಇಟ್ಟದ್ದಕ್ಕೆ ಚಪ್ಪಾಳೆ! ನನ್ನನ್ನು ಇನ್ನೊಂದು ಸಲ ಮರಿ ಅಂದರೆ ಈ ಗೂಟ ಎಲ್ಲಿ ಹೋಗುತ್ತದೋ ಗೊತ್ತಿಲ್ಲ ಎಂದು ಅವನು ಹೇಳಿದ ಮೇಲೆ ಆಯಾ ಅವನ ಹತ್ತಿರ ಸುಳಿಯಲಿಲ್ಲ.

ಥೆರಪಿಸ್ಟ್ ಚಿಕ್ಕ ವಯಸ್ಸಿನ ಹುಡುಗಿ. ಚಪ್ಪಾಳೆ ತಟ್ಟುವವಳಲ್ಲ, ನಗುವುದೂ ಕಡಿಮೆ. ಒಂದು ದಿನ ಅವಳು ಅವನ ಮುಂಗೈಯನ್ನು ಮೇಜಿನ ಮೇಲೆ ಮಲಗಿಸಿ, ಡ್ರಾಯರಿನಿಂದ ಮುಷ್ಟಿಗಾತ್ರದ ಒಂದು ಯಂತ್ರ ತೆಗೆದಳು. ಗುಂಡಿ ಒತ್ತಿದಳು. ಅದು ಗುಂಯ್ ಎಂದಿತು. ಕಿಡಿಯಣ್ಣನಿಗೆ ನಗುವೂ ಬಂತು, ಉರಿಯೂ ಹತ್ತಿತು. ಇಷ್ಟು ದಿನ ಆಸ್ಪತ್ರೆಗೆ ಅಲೆದದ್ದು ಇದಕ್ಕೇನು? ಇದು ತನ್ನ ಅಂಗಡಿಯ ಮಸಾಜ್ ಮಿಷನ್ನು! ಗಿರಾಕಿಯ ತಲೆಯ ಮೇಲೆ, ಹೆಗಲ ಮೇಲೆ ಅವನು ಆಡಿಸುತ್ತಿದ್ದ ಅದೇ ಗುಂಯ್‌ಗುಡಿಕೆ.

ಅದಕ್ಕಿಂತ ಉರಿ ಹತ್ತಿಸಿದ್ದು, ಅವಳು ಅದನ್ನು ಇಟ್ಟ ಜಾಗ. ಬಿಗಿದುಕೊಂಡಿರುವುದು ಮುಂಗೈಯ ಒಳಮೈ, ಬೆರಳು ಮಡಚುವ ಕಡೆ. ಮುಟ್ಟಿದರೆ ಕಟ್ಟಿಗೆ. ಅವಳು ಮಿಷನ್ನು ಇಟ್ಟದ್ದು ಹೊರಮೈಯಲ್ಲಿ, ಮೊಣಕೈಯಿಂದ ಸ್ವಲ್ಪ ಕೆಳಗೆ, ಅಲ್ಲಿ ಬಿಗಿಯೇ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂದು ಅವನು ಗಟ್ಟಿಯಾಗಿಯೇ ಅಂದ. ಅವಳು ಕೇಳಿಸಿಕೊಂಡಳು, ಯಂತ್ರ ಕದಲಿಸಲಿಲ್ಲ. ಈಗ ಬೆರಳು ತೆರೆಯಲು ನೋಡಿ ಎಂದಳು. ನೋಡಿದ. ಹೆಬ್ಬೆರಳು ಅಲ್ಲಾಡಿತು. ಆಮೇಲೆ, ಒಣಗಿ ಸುರುಟಿದ ಎಲೆಗೆ ನೀರು ತಾಗಿದ ಹಾಗೆ, ಬೆರಳುಗಳು ಒಂದೊಂದಾಗಿ ಸಡಿಲಾದವು. ತಿಂಗಳುಗಳ ಮೇಲೆ ಅವನು ತನ್ನ ಬಲ ಅಂಗೈಯನ್ನು ಪೂರ್ತಿಯಾಗಿ ನೋಡಿದ. ಬೆಳ್ಳಗೆ, ಬೆವರಿ, ಬೇರೆ ಯಾರದೋ ಕೈಯ ಹಾಗಿತ್ತು.

ಅವಳು ಅವನನ್ನು ಅಂಗೈ ನೋಡುತ್ತಾ ಕೂರಲು ಬಿಡಲಿಲ್ಲ. ಯಂತ್ರ ನಿಂತ ಮೇಲೆ ಕೈ ಸ್ವಲ್ಪ ಹೊತ್ತು ಮಾತ್ರ ಹೀಗೆ ಮೆತ್ತಗಿರುತ್ತದೆ, ಅಷ್ಟರೊಳಗೆ ಅದರಿಂದ ಕೆಲಸ ಮಾಡಿಸಬೇಕು ಎಂದು ಒಂದು ಟವೆಲನ್ನು ಮೇಜಿನ ಮೇಲೆ ಹರಡಿದಳು. ಬಲ ಅಂಗೈಯಿಂದ ಅದನ್ನು ಒತ್ತಿ ಹಿಡಿಯಬೇಕು, ಎಡಗೈಯಿಂದ ಮಡಚಬೇಕು. ಕಿಡಿಯಣ್ಣ ಹಲ್ಲು ಕಚ್ಚಿಕೊಂಡು ಮಾಡಿದ. ಎರಡನೆಯ ಮಡಿಕೆಗೆ ಬರುವಷ್ಟರಲ್ಲಿ ಬೆರಳುಗಳು ಮತ್ತೆ ಒಳಗೆ ಸುತ್ತಿಕೊಳ್ಳತೊಡಗಿದವು. ಅವನಿಗೆ ಕಣ್ಣೆದುರೇ ಕಳ್ಳತನವಾದ ಹಾಗಾಯಿತು.

ಹೀಗೆ ಕೆಲವು ವಾರ ಹೋಯಿತು. ಮೆತ್ತಗಿರುವ ಹೊತ್ತು ನಿಧಾನವಾಗಿ ಹೆಚ್ಚಾಯಿತು. ಒಂದು ದಿನ ಟವೆಲು ಮಡಚಿ ಮುಗಿಸಿದ ಮೇಲೆ, ಕತ್ತಿ ಯಾವಾಗ ಹಿಡಿಯಬಹುದು ಎಂದು ಅವಳನ್ನು ಕೇಳಿದ. ಬರುವ ತಿಂಗಳು ಅನ್ನುತ್ತಾಳೆ, ಬೈಯೋಣ ಎಂದು ಕಾದಿದ್ದ. ಅವಳು ಟವೆಲನ್ನು ಪಕ್ಕಕ್ಕಿಟ್ಟು ಅವನ ಮುಖ ನೋಡಿದಳು. "ಈ ಕೈ ತೆರೆಯುತ್ತೆ. ಒಂದು ವಸ್ತುನ ಒತ್ತಿ ಹಿಡಿಯುತ್ತೆ. ಆದರೆ ಕತ್ತಿ ಆಡಿಸೋ ಅಂಥ ಬೆರಳ ತುದಿ ಕೆಲಸ ಇದಕ್ಕೆ ಮತ್ತೆ ಬರುತ್ತೆ ಅಂತ ನನಗೆ ಅನ್ನಿಸಲ್ಲ. ನಿಮಗೆ ಸುಳ್ಳು ಹೇಳೋಕೆ ನನಗಿಷ್ಟ ಇಲ್ಲ."

ಸುಳ್ಳು ಹೇಳುವವರ ಮೇಲೆ ಅಷ್ಟು ದಿನ ಉರಿದವನಿಗೆ ಕೊನೆಗೂ ಒಬ್ಬಳು ನಿಜ ಹೇಳಿದಳು. ಕುಣಿಯಬೇಕಿತ್ತು. ಪಿತ್ತ ನೆತ್ತಿಗೇರಿತು. ಮೊನ್ನೆ ಮೊನ್ನೆ ಓದು ಮುಗಿಸಿ ಬಂದವಳು, ನನ್ನ ಕೈಯ ಹಣೆಬರಹ ಓದುತ್ತೀಯೇನಮ್ಮ ಎಂದವನು ಕುರ್ಚಿ ಒದ್ದು ಎದ್ದು ಬಂದ. ಬಲಗಾಲಿನಿಂದ ಒದೆಯಲು ಆಗಲಿಲ್ಲ, ಎಡಗಾಲಿನಿಂದ ಒದ್ದದ್ದು, ಬೀಳುತ್ತಿದ್ದವನನ್ನು ಹೆಂಡತಿಯೇ ಹಿಡಿದುಕೊಂಡಳು. ಮಾರನೆಯ ದಿನದಿಂದ ಥೆರಪಿ ಬಂದ್.

ಅಂಗಡಿಯಿಂದ ಮಸಾಜ್ ಮಿಷನ್ನು ತಂದುಕೊಡು ಎಂದು ತಮ್ಮನಿಗೆ ಅಪ್ಪಣೆಯಾಯಿತು. ಯಾಕೆ ಎಂದು ಕೇಳುವ ಅಭ್ಯಾಸ ತಮ್ಮನಿಗಿರಲಿಲ್ಲ, ತಂದುಕೊಟ್ಟ. ಎರಡು ಸ್ಪ್ರಿಂಗುಗಳಿದ್ದ ಹಳೆಯ ಮಿಷನ್ನು. ಸ್ಪ್ರಿಂಗುಗಳನ್ನು ಅಂಗೈಗೆ ಸಿಕ್ಕಿಸಿ ಕೈಯ ಬೆನ್ನ ಮೇಲೆ ಕೂರಿಸಿಕೊಂಡರೆ ಅದರ ನಡುಕ ಬೆರಳುಗಳಿಗೆ ಇಳಿಯುತ್ತದೆ, ಬೆರಳಿನಿಂದ ಗಿರಾಕಿಯ ಮೈಗೆ. ಎಲ್ಲಿ ಗಂಟು ಸಿಗುತ್ತದೋ ಅಲ್ಲಿ ಒತ್ತು, ಗಂಟು ಕರಗುವವರೆಗೆ ಬಿಡಬೇಡ, ಗಿರಾಕಿ ತೂಕಡಿಸಿದರೆ ಕೆಲಸ ಆಯಿತು ಎಂದು ತಿಳಿ. ಕ್ಷೌರದವರ ಶಾಸ್ತ್ರ ಅಷ್ಟೇ. ಕಿಡಿಯಣ್ಣ ಅದೇ ಶಾಸ್ತ್ರವನ್ನು ತನ್ನ ಮೇಲೆ ನಡೆಸಿದ. ಮಿಷನ್ನನ್ನು ಎಡಗೈಗೆ ಹಾಕಿಕೊಂಡು ಬಲ ಮುಂಗೈಯ ಒಳಮೈಯಲ್ಲಿ, ಕಟ್ಟಿಗೆಯಾಗಿದ್ದ ಕಡೆಯೇ, ಒತ್ತಿ ಹಿಡಿದ. ಹೆಂಡತಿ ಕೆಲಸಕ್ಕೆ ಹೋದ ಮೇಲೆ ಶುರು. ಇನ್ನೂ ಒತ್ತು, ಇನ್ನೂ ಒತ್ತು. ಒತ್ತಿ ಒತ್ತಿ ಅವನಿಗೇ ನಿದ್ದೆ ಬರುತ್ತಿತ್ತು. ಆ ಕೈಗೆ ಬಿಸಿ, ತಣುಪು, ನೋವು ಸರಿಯಾಗಿ ತಿಳಿಯುವುದಿಲ್ಲ ಎಂಬುದನ್ನು ಅವನು ಲೆಕ್ಕಕ್ಕೆ ಹಿಡಿಯಲೇ ಇಲ್ಲ.

ಒಂದು ದಿನ ಅಂಗಿ ಬದಲಾಯಿಸುವಾಗ ಹೆಂಡತಿ ತೋಳನ್ನು ಮೇಲೆತ್ತಿ ನೋಡಿದಳು. ಮುಂಗೈ ನೀಲಿಗಟ್ಟಿತ್ತು, ನಡುವೆ ಚರ್ಮ ಸುಲಿದು ಬೊಬ್ಬೆ ಎದ್ದಿತ್ತು. ಮುಷ್ಟಿ ಮೊದಲಿಗಿಂತ ಬಿಗಿಯಾಗಿತ್ತು. ಬಟ್ಟೆಯ ಸುರುಳಿ ತುರುಕಲು ಹೋದರೆ ಬೆರಳಿನ ಸಂದು ಸಿಗಲಿಲ್ಲ. ಅವಳು ಮದುವೆಯಾದಂದಿನಿಂದ ಒಟ್ಟುಮಾಡಿಕೊಂಡು ಬಂದಿದ್ದನ್ನೆಲ್ಲ ಅಂದು ಆಡಿದಳು. ನೀವು ಅಣ್ಣತಮ್ಮಂದಿರ ಅಂಗಡಿಯಲ್ಲಿ ಕಾಲಿಡಲು ನಾನು ಹೆದರಿದೆ, ಮಕ್ಕಳಾಗಲಿಲ್ಲವೆಂದು ಜನ ಆಡಿಕೊಂಡಾಗ ನಿಮ್ಮ ಸಿಟ್ಟಿಗೆ ಹೆದರಿ ಅತ್ತದ್ದನ್ನೂ ಮುಚ್ಚಿಟ್ಟೆ, ಈಗ ನಿಮ್ಮ ಉಗುರನ್ನೂ ಹೆದರಿ ಹೆದರಿ ಕತ್ತರಿಸುತ್ತೇನೆ ಎಂದಳು. ಅವನು ಎದುರು ಹೇಳಲು ಬಾಯಿ ತೆರೆದ. ಅವಳು ಬಿಡಲಿಲ್ಲ.

"ರೀ, ನಿಮ್ಮ ಸಿಟ್ಟಿಗೆ ಎರಡು ಕೈಯೂ ನೆಟ್ಟಗಿವೆ, ಎರಡು ಕಾಲೂ ನೆಟ್ಟಗಿವೆ. ಅದೊಂದಕ್ಕೆ ಲಕ್ವ ಹೊಡೀಲಿಲ್ಲ ನೋಡಿ."

ಮಿಷನ್ನನ್ನು ಚೀಲಕ್ಕೆ ಹಾಕಿಕೊಂಡು ಅವಳೇ ಅಂಗಡಿಗೆ ಹೋಗಿ ಕೊಟ್ಟು ಬಂದಳು. ಬಂದ ಮೇಲೆ ಯಾಕೋ ತಣ್ಣಗಾಗಿದ್ದಳು. ಅವನು ಅದನ್ನು ಗಮನಿಸಿದ, ಕೇಳಲಿಲ್ಲ.

ಮಾರನೆಯ ಬೆಳಿಗ್ಗೆ ಅವಳೇ ಅವನನ್ನು ಮತ್ತೆ ಥೆರಪಿಗೆ ಎಳೆದುಕೊಂಡು ಹೋದಳು. ಥೆರಪಿಸ್ಟ್ ಬೊಬ್ಬೆ ನೋಡಿದವಳೇ, ಒಳಗೆ ಬನ್ನಿ ಎಂದೂ ಹೇಳದೆ ಬಾಗಿಲಲ್ಲೇ ಬೈಯಲು ಶುರುಮಾಡಿದಳು. ಇದು ಗಿರಾಕಿಯ ಹೆಗಲಲ್ಲ, ಇದಕ್ಕೆ ನೋವು ಗೊತ್ತಾಗುವುದಿಲ್ಲ, ಗೊತ್ತಾಗದ ಕೈಯನ್ನು ಹಿಂಸೆ ಮಾಡಲು ನಾಚಿಕೆಯಾಗಲಿಲ್ಲವೇ ಎಂದಳು. ಮರಿ ಅನ್ನಲಿಲ್ಲ, ಪಾಪ ಅನ್ನಲಿಲ್ಲ. ಕಿಡಿಯಣ್ಣ ಬೈಗುಳ ತಿಂದು ಸುಮ್ಮನೆ ನಿಂತಿದ್ದ. ಕಾಯಿಲೆ ಬಿದ್ದ ಮೇಲೆ ಹೊರಗಿನವರು ಯಾರೂ ಅವನನ್ನು ಸರಿಸಮನಾಗಿ ನಿಲ್ಲಿಸಿಕೊಂಡು ಬೈದಿರಲಿಲ್ಲ. ನಿಜ ಹೇಳಬೇಕೆಂದರೆ, ಮನಸ್ಸಿಗೆ ಹಾಯೆನಿಸಿತು.

"ನಿಮ್ಮ ಅಂಗಡೀಲಿ ನೀವು ಮಲಗಿಸೋಕೆ ಮಿಷನ್ ಹಾಕ್ತೀರಿ," ಎಂದಳು. "ಇಲ್ಲಿ ನಾನು ಎಬ್ಬಿಸೋಕೆ ಹಾಕ್ತೀನಿ. ಮುಷ್ಟಿ ಬಿಗಿಯೋ ಸ್ನಾಯು ಮಲಗೇ ಇಲ್ಲ, ಎದ್ದು ಕೂತು ದರ್ಬಾರು ಮಾಡ್ತಿದೆ. ಮಲಗಿರೋದು ಅದರ ಬೆನ್ನಿಗಿರೋ ಬಿಚ್ಚೋ ಸ್ನಾಯು. ಅದು ಎದ್ದರೆ ಇದು ತಾನಾಗೇ ಜಾಗ ಬಿಡುತ್ತೆ."

ಗಾಯ ಮಾಯುವವರೆಗೆ ಯಂತ್ರ ಮುಟ್ಟಿಸಲಿಲ್ಲ. ಮಾಯ್ದ ಮೇಲೆ ಮತ್ತೆ ಹೊರಮೈ, ಮತ್ತೆ ಟವೆಲು. ಎಮ್ಮೆಗೆ ಬರೆ ಎಂದು ಅವನು ಗೊಣಗುವುದನ್ನು ಬಿಡಲಿಲ್ಲ, ಆದರೆ ಹೇಳಿದಂತೆ ಮಾಡಿದ. ಅಂಗೈ ಹರಡಿ ಟವೆಲನ್ನು ಮೇಜಿಗೆ ಎಳೆದು ಹಿಡಿಯುವುದು ಈಗ ಸಲೀಸಾಯಿತು. ಎಡಗೈ ಪೂರ್ತಿ ಮಡಚಿ, ಬಿಚ್ಚಿ, ಮತ್ತೆ ಮಡಚುವವರೆಗೂ ಬಲಗೈ ಬಿಡುತ್ತಿರಲಿಲ್ಲ. ಬೆರಳಿನ ನಡುವೆ ಪೆನ್ಸಿಲು ಇಟ್ಟರೆ ಮಾತ್ರ ಅದು ಜಾರಿ ಬೀಳುತ್ತಿತ್ತು. ಪ್ರತಿ ಸಲ ಬಿದ್ದಾಗಲೂ ಅವನಿಗೆ ಅಂಗಡಿಯ ನೆಲಕ್ಕೆ ಬಿದ್ದ ಕತ್ತಿಯ ಸದ್ದು ಕೇಳುತ್ತಿತ್ತು.

ಒಂದು ಬೆಳಿಗ್ಗೆ ಥೆರಪಿ ಮುಗಿದಾಗ ಕೈ ಎಂದಿಗಿಂತ ಚೆನ್ನಾಗಿ ತೆರೆದಿತ್ತು. ತಮ್ಮನಿಗೆ ತೋರಿಸೋಣ, ಅಂಗಡಿಗೆ ಹೋಗೋಣ ನಡಿ ಎಂದ. ಹೆಂಡತಿ ಇವತ್ತು ಬೇಡ ಎಂದಳು. ಬಿಸಿಲು ಎಂದಳು, ಆಟೋ ಸಿಗುವುದಿಲ್ಲ ಎಂದಳು, ಅಷ್ಟರಲ್ಲಿ ಆಟೋ ಎದುರಿಗೇ ಬಂದು ನಿಂತಿತು. ಕಿವಿಯ ಮೇಲೆ ಹೂ ಇಡುವವರನ್ನು ಅವನು ಬಹಳ ನೋಡಿದ್ದ. ಆಟೋ ಹತ್ತಿ ಅಂಗಡಿಯ ಬೀದಿಯ ಹೆಸರು ಹೇಳಿದ. ಹೆಂಡತಿ ದಾರಿಯುದ್ದಕ್ಕೂ ಹೊರಗೆ ನೋಡುತ್ತಾ ಕೂತಿದ್ದಳು.

ತಮ್ಮ ಆಗಷ್ಟೇ ಶಟರು ಎತ್ತಿ ಕಸ ಗುಡಿಸುತ್ತಿದ್ದ, ಗಿರಾಕಿಗಳು ಯಾರೂ ಬಂದಿರಲಿಲ್ಲ. ಕಿಟಕಿಯ ಪಕ್ಕ ಕುರ್ಚಿ ಇರಲಿಲ್ಲ. ನೆಲದಲ್ಲಿ ನಾಲ್ಕು ಬೋಲ್ಟಿನ ತೂತುಗಳಿದ್ದವು, ಕುರ್ಚಿ ನಿಂತಿದ್ದ ಜಾಗದ ನೆಲ ಮಾತ್ರ ಬೆಳ್ಳಗೆ ದುಂಡಗೆ ಉಳಿದಿತ್ತು. ಅಲ್ಲಿಗೆ ಗಿರಾಕಿಗಳು ಕೂರುವ ಬೆಂಚು ಬಂದಿತ್ತು. ಅವನ ಕುರ್ಚಿ ಹಿಂದಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿತ್ತು, ಮೈತುಂಬ ಒದ್ದೆ ಟವೆಲುಗಳು. ದಿನ ಬಿಟ್ಟು ದಿನ ಮನೆಗೆ ಬಂದು ಅಣ್ಣನ ಗಡ್ಡ ಹೆರೆಯುವಾಗ, ನಿನ್ನ ಕುರ್ಚಿ ನೀನು ಬಿಟ್ಟ ಹಾಗೇ ಇದೆ ಅಣ್ಣ, ಯಾರನ್ನೂ ಕೂರಿಸಿಲ್ಲ ಎನ್ನುತ್ತಿದ್ದ ಇದೇ ತಮ್ಮ. ಯಾರನ್ನೂ ಕೂರಿಸಿಲ್ಲ ಅನ್ನುವುದೇನೋ ನಿಜವೇ. ಟವೆಲು ಕೂರಿಸಿದ್ದ.

ಕಿಡಿಯಣ್ಣ ಬೈದ. ಅಂಥ ಬೈಗುಳ ಆ ಅಂಗಡಿಯ ಕನ್ನಡಿಗಳೂ ಕೇಳಿರಲಿಲ್ಲ. ಮೇಷ್ಟ್ರ ಕೆನ್ನೆಯಿಂದ ಹಿಡಿದು ಕುರ್ಚಿಯ ಬೋಲ್ಟಿನವರೆಗೆ ಬಂದ. ಕುರ್ಚಿಯನ್ನು ಕಿತ್ತದ್ದಕ್ಕಿಂತ, ಸುಳ್ಳು ಹೇಳುತ್ತಾ ಗಂಟಲ ಮೇಲೆ ಕತ್ತಿ ಆಡಿಸಿದೆಯಲ್ಲ, ನಾಚಿಕೆಯಾಗಲಿಲ್ಲವಾ ಎಂದ. ಕಳ್ಳ ಎಂದ, ಹೆಣ ಕಾಯುವವನು ಎಂದ. ಹೆಂಡತಿ ಮಧ್ಯೆ ಬಂದರೆ, ಮಿಷನ್ನು ಕೊಡಲು ಬಂದ ದಿನದಿಂದ ನಿನಗೂ ಗೊತ್ತಿತ್ತಲ್ಲ, ಸುಮ್ಮನಿರು ಎಂದ. ತಮ್ಮ ಪೊರಕೆ ಹಿಡಿದು ತಲೆ ತಗ್ಗಿಸಿ ನಿಂತಿದ್ದ. ಎಷ್ಟೋ ವರ್ಷ ಹಾಗೆಯೇ ನಿಂತಿದ್ದವನು ಅಂದು ಪೊರಕೆಯನ್ನು ನೆಲಕ್ಕೆ ಒಗೆದ.

"ನಿಜ ಹೇಳೋಕೆ ನೀನು ಬಿಟ್ಟಿದ್ದೀಯಾ ಅಣ್ಣ? ಒಂದು ದಿನವಾದರೂ? ಬಲಗೈ ಕತ್ತಿ ಹಿಡಿಯೋವರೆಗೆ ಆ ಕುರ್ಚಿ ಮುಟ್ಟಲ್ಲ ಅಂತ ಹಟ ಹಿಡಿದು ಮನೇಲಿ ಕೂತೋನು ನೀನು. ಬಲಗೈ ಹಿಡಿಯಲ್ಲ ಅಂತ ಊರಿಗೇ ಗೊತ್ತು. ಇನ್ನೊಂದು ಕೈ ಸತ್ತಿದೆಯಾ? ಕತ್ತಿ ಹಿಡಿಯೋದು ಯಾವ ಕತ್ತೆಗೂ ಬರುತ್ತೆ ಅಂತ ನನ್ನ ಕೈಗೆ ಹೊಡೆದು ಹೊಡೆದು ಹೇಳಿದೋನು ಯಾರು? ಎಳೆದು ಹಿಡಿಯೋ ಕೈ ಸರಿ ಇದ್ದರೆ ಕತ್ತಿ ತಾನಾಗೇ ಹೋಗುತ್ತೆ ಅಂದೋನು ಯಾರು? ನಿನ್ನ ಎಡಗೈ ಕತ್ತೆಗಿಂತ ಕಡೇನಾ? ಇಲ್ಲ, ನನಗೆ ಹೇಳಿದ್ದೆಲ್ಲ ಸುಳ್ಳಾ?"

ತಮ್ಮನಿಗೆ ತನ್ನ ಬಾಯಿಯೇ ಹೆದರಿಕೆ ಹುಟ್ಟಿಸಿತ್ತು. ಕಿಡಿಯಣ್ಣ ತನ್ನ ಬಲ ಅಂಗೈ ನೋಡಿದ. ಅದು ಇನ್ನೂ ತೆರೆದಿತ್ತು. ಟವೆಲನ್ನು ಎಳೆದು ಹಿಡಿಯುವ ಕೈ. ಇಷ್ಟು ದಿನ ಅವನು ಅದಕ್ಕೆ ಕೇಳಿದ್ದು ಒಂದೇ ಪ್ರಶ್ನೆ, ಕತ್ತಿ ಹಿಡಿಯುತ್ತೀಯೋ ಇಲ್ಲವೋ. ತಾನೇ ಜೀವನವಿಡೀ ಕತ್ತೆಯ ಕೆಲಸ ಎಂದು ಬೈದದ್ದನ್ನು ಅದರಿಂದ ಕೇಳಿದ್ದ.

"ಟವೆಲು ತೆಗಿ. ಕುರ್ಚೀನ ಬೆಳಕಿಗೆ ತಾ. ಕೂತ್ಕೋ," ಎಂದ.

ತಮ್ಮನೂ ಸಿಟ್ಟಿನಲ್ಲಿದ್ದ, ಇಲ್ಲದಿದ್ದರೆ ಕೂರುತ್ತಿರಲಿಲ್ಲ. ಮೊದಲು ಬಲೂನಿನ ಮೇಲೆ ನೋಡಬಾರದೇ ಎಂದು ಹೆಂಡತಿ ಅಂದಳು. ಬಲೂನು ಊದುವಷ್ಟರಲ್ಲಿ ಈ ಕೈ ಮುಚ್ಚಿಕೊಳ್ಳುತ್ತದೆ ಎಂದು ಅವನು ಗದರಿದ. ತಮ್ಮ ಕುರ್ಚಿಯನ್ನು ಕಿಟಕಿಯ ಬಳಿ ಎಳೆದು ತಂದು, ಅಲುಗಾಡದಂತೆ ಕಾಲಿಗೆ ಬೆಂಚು ಒತ್ತಿಟ್ಟ. ಬ್ಲೇಡನ್ನು ತಾನೇ ಮುರಿದು ಕತ್ತಿಗೆ ಸೇರಿಸಿದ, ನೊರೆಯನ್ನೂ ತಾನೇ ಹಚ್ಚಿಕೊಂಡ, ಕತ್ತಿಯನ್ನು ಅಣ್ಣನ ಎಡಗೈಗೆ ಕೊಟ್ಟು ಕೂತ. ತನ್ನ ಸಾಮಾನು ತಾನೇ ಹೊತ್ತು ತಂದು ಕೂರುವ ಗಿರಾಕಿ ಆ ಅಂಗಡಿಗೆ ಅವನೇ ಮೊದಲಿಗ. ಕಣ್ಣು ಮುಚ್ಚಲಿಲ್ಲ. ಕುರ್ಚಿಯ ಕೈ ಹಿಡಿದುಕೊಂಡು ಕನ್ನಡಿಯನ್ನೇ ನೋಡುತ್ತಿದ್ದ.

"ಕುತ್ತಿಗೆ ಮುಟ್ಟಬೇಡಿ, ಕೆನ್ನೆ ಮಾತ್ರ," ಎಂದಳು ಹೆಂಡತಿ. "ಸಿಟ್ಟಲ್ಲಿ ಕೊಯ್ದ ಮೂಗು ಆಮೇಲೆ ಬರಲ್ಲ."

ಕಿಡಿಯಣ್ಣ ಬಲಗೈಯನ್ನು, ಕತ್ತಿ ಹಿಡಿದ ಎಡಗೈಯ ಮಣಿಕಟ್ಟಿನಿಂದ ಎತ್ತಿ ತಮ್ಮನ ಕಿವಿಯ ಪಕ್ಕ ಇಟ್ಟ. ಅಂಗೈ ಹರಡಿತು. ಒತ್ತಿ ಮೇಲಕ್ಕೆ ಎಳೆದ. ಚರ್ಮ ಬಿಗಿಯಿತು, ಕೂದಲಿನ ಬುಡಗಳು ಬಿಸಿಲಿನಲ್ಲಿ ಎದ್ದು ನಿಂತವು. ಎಡಗೈಯಲ್ಲಿದ್ದ ಕತ್ತಿ ಮೊದಲ ಎಳೆತಕ್ಕೆ ನಡುಗಿತು, ಎರಡನೆಯದಕ್ಕೆ ಅಡ್ಡ ಹೋಯಿತು, ದವಡೆಯ ಹತ್ತಿರ ಒಂದು ಕೆಂಪು ಚುಕ್ಕೆ ಮೂಡಿತು. ತಮ್ಮ ಅಲುಗಲಿಲ್ಲ. ಆಮೇಲೆ ಕತ್ತಿ ದಾರಿ ಹಿಡಿಯಿತು. ಅವನು ಬೈಯುತ್ತಲೇ ಇದ್ದ, ತಮ್ಮನನ್ನಲ್ಲ, ತನ್ನ ಎಡಗೈಯನ್ನು: ನೆಟ್ಟಗೆ ಹೋಗು, ಕತ್ತೆ, ಮಣಿಕಟ್ಟು ಸಡಿಲ ಬಿಡು. ಅದು ತನಗೆ ಬಹಳ ಹಿಂದೆ ಬಿದ್ದ ಬೈಗುಳವೆಂದು ತಮ್ಮನಿಗೆ ಗುರುತು ಸಿಕ್ಕಿತು.

ಕೆನ್ನೆ ಮುಗಿಯಿತು. ಕುರ್ಚಿಯ ಆಚೆ ಬದಿಗೆ ಬಂದು ಇನ್ನೊಂದು ಕೆನ್ನೆಯ ಮೇಲೆ ಅಂಗೈ ಇಟ್ಟ. ಎಳೆದ. ಚರ್ಮ ಸರಿಯಾಗಿ ಬಿಗಿಯಲಿಲ್ಲ. ಇನ್ನೊಮ್ಮೆ ಎಳೆದ. ಕಿರುಬೆರಳು ಒಳಕ್ಕೆ ಸುತ್ತಿಕೊಂಡಿತು, ಅದರ ಹಿಂದೆ ಉಂಗುರದ ಬೆರಳು. ತಮ್ಮನ ಕೆನ್ನೆ ಆ ಬೆರಳುಗಳಲ್ಲಿ ಚಿವುಟಿದ ಹಾಗೆ ಸಿಕ್ಕಿಕೊಂಡಿತು. ಕತ್ತಿ ಕೆನ್ನೆಯ ಮೇಲೆ ನಿಂತಿತ್ತು. ಇನ್ನು ನಾಲ್ಕು ಎಳೆತ ಸಾಕಿತ್ತು. ಮುಗಿಸಿಯೇ ಬಿಡಬೇಕೆಂಬ ಹಟ ಅವನ ಮುಖಕ್ಕೆ ಬಂದದ್ದನ್ನು ತಮ್ಮ ಕನ್ನಡಿಯಲ್ಲಿ ನೋಡಿದ. ಆದರೂ ಬೇಡ ಎನ್ನಲಿಲ್ಲ.

ಕಿಡಿಯಣ್ಣ ಕತ್ತಿಯನ್ನು ತೊಡೆಗೆ ಒತ್ತಿ ಮಡಚಿದ. ಮುಷ್ಟಿಯಾದ ಕೈಯನ್ನು ನೋಡಿ, ಹಾಳಾದ್ದೇ, ಇನ್ನೊಂದು ಗಳಿಗೆ ನಿಲ್ಲಬಾರದಿತ್ತಾ ಎಂದ. ಕಣ್ಣಲ್ಲಿ ನೀರು ಬಂದಿತ್ತು, ಸಿಟ್ಟಿಗೇ ಬಂದದ್ದು.

ಅಷ್ಟರಲ್ಲಿ ಮೇಷ್ಟ್ರು ಕೊಡೆ ಊರಿಕೊಂಡು ಒಳಗೆ ಬಂದರು. ಕಿಟಕಿಯ ಬಳಿ ಕುರ್ಚಿ ಕಂಡಿತು, ಪಕ್ಕದಲ್ಲಿ ಕಿಡಿಯಣ್ಣ ಕಂಡ. ಬರುವ ತಿಂಗಳು ನೀನೇ ಎಂದು ಶುರುಮಾಡಿದವರು, ಅವನ ಕಣ್ಣು ನೋಡಿ ಅಲ್ಲಿಗೇ ನಿಲ್ಲಿಸಿದರು. ತಮ್ಮ ಎದ್ದು ನೊರೆ ಒರೆಸಿಕೊಂಡ. ಕೆನ್ನೆಯನ್ನು ಬೆರಳಿನಿಂದ ತಡವಿ, ಬಿಸಿಲಿಗೆ ಹಿಡಿದು, ದವಡೆಯ ಕೆಳಗೆ ಎರಡು ಕೂದಲು ಉಳಿದಿವೆ ಎಂದು ಅಣ್ಣನಿಗೆ ತಪ್ಪು ತೋರಿಸಿದ. ಹುಟ್ಟಿದ ಮೇಲೆ ಮೊದಲ ಸಲ. ಮೇಷ್ಟ್ರಿಗೆ ಬಿಳಿ ಬಟ್ಟೆ ಹೊದಿಸಿ ಒಳಗಿನ ಕುರ್ಚಿಯಲ್ಲಿ ಕೂರಿಸಿದ. ಅವರು ಅವನ ಮುಖ ನೋಡಿ, ಇದೇನಯ್ಯಾ, ಒಂದು ಕಡೆ ನುಣ್ಣಗೆ, ಒಂದು ಕಡೆ ಕುರುಚಲು, ಅಷ್ಟನ್ನು ನೀನೇ ಮುಗಿಸಿಕೊಳ್ಳಬಾರದಾ ಎಂದು ಕೇಳಿದರು.

ತಮ್ಮ ಅಣ್ಣನ ಕಡೆ ನೋಡಲಿಲ್ಲ. ಕತ್ತಿಗೆ ಹೊಸ ಬ್ಲೇಡು ಹಾಕುತ್ತಾ ಹೇಳಿದ.

"ಅದು ಅಣ್ಣನ ಪಾಲಿಂದು ಮೇಷ್ಟ್ರೇ. ನಿಮ್ಮದನ್ನ ಒಂದು ಸಲ ಮುಟ್ಟಿ ಅನುಭವಿಸಿದ್ದೀನಿ. ಇನ್ನು ಮುಟ್ಟಲ್ಲ."

ಅಂದು ಸಂಜೆಯವರೆಗೂ ತಮ್ಮ ಅರ್ಧ ಗಡ್ಡದಲ್ಲೇ ಕೆಲಸ ಮಾಡಿದ, ನಕ್ಕವರನ್ನು ನಗಲು ಬಿಟ್ಟ. ಮಾರನೆಯ ಬೆಳಿಗ್ಗೆ ಥೆರಪಿ ಮುಗಿಸಿ, ತೆರೆದ ಅಂಗೈಯನ್ನು ಎದೆಗೆ ಒತ್ತಿಕೊಂಡು ಕಿಡಿಯಣ್ಣ ಆಟೋದಿಂದ ಇಳಿದಾಗ, ಕುರ್ಚಿ ತನ್ನ ಹಳೆಯ ತೂತುಗಳಿಗೆ ಬಂದು ನಿಂತಿತ್ತು. ತಮ್ಮ ನೊರೆ ಹಚ್ಚಿಕೊಂಡು ಅದರಲ್ಲಿ ಕೂತು ಕಾಯುತ್ತಿದ್ದ. ಒಂದು ಬೋಲ್ಟು ಸಡಿಲವಾಗಿತ್ತು. ಕಿಡಿಯಣ್ಣ ಅದಕ್ಕೆ ಬೈಯಲು ಬಾಯಿ ತೆರೆದ, ಕೈ ನೋಡಿಕೊಂಡ, ಮೊದಲು ಕೆನ್ನೆ ಮುಗಿಸಿದ, ಆಮೇಲೆ ಬೈದ.